ನಿಂಬೆಯ ಬುಡಕ್ಕೆ ಹೋದ ಔಷಧಿ

ಇಮಾಮಬೀಯ ಮನೆಯಲ್ಲಿ ರಾಡಿ ನೀರು ಕುಡಿದೆ ಎಂದು ಹೇಳುವವರು ಕನಕಗಿರಿಯಲ್ಲಿ ಇಲ್ಲ. ಅವಳ ತವರು ಗಂಗಾವತಿ ಕಡೆ, ಕಾಲುವೆ ಪಕ್ಕದ ಒಂದು ಸಣ್ಣ ಹಳ್ಳಿ. ಅವಳು ಹುಡುಗಿಯಾಗಿದ್ದಾಗ ಆ ಊರಿಗೆ ನಲ್ಲಿ ಬಂದಿರಲಿಲ್ಲ. ಮಳೆಗಾಲಕ್ಕೆ ಕಾಲುವೆಗೆ ಹೊಸ ನೀರು ಬಿಟ್ಟರೆ ಅದು ಚಹಾದ ಬಣ್ಣಕ್ಕಿರುತ್ತಿತ್ತು. ಹೊತ್ತು ತಂದ ಕೊಡವನ್ನು ಇಳಿಸಿ, ಪಟಕದ ಗಡ್ಡೆಯನ್ನು ನೀರೊಳಗೆ ನಾಲ್ಕು ಸುತ್ತು ತಿರುಗಿಸಿ, ಮುಚ್ಚಿಟ್ಟುಬಿಟ್ಟರೆ ಮುಗಿಯಿತು, ಆ ಮೇಲೆ ಯಾರೂ ಅದನ್ನು ಮುಟ್ಟುವಂತಿಲ್ಲ. ಮಕ್ಕಳು ಪಕ್ಕದಲ್ಲಿ ಓಡಿದರೂ ಅಜ್ಜಿ ಬೈಯುತ್ತಿದ್ದಳು. ರಾಡಿಯೆಲ್ಲ ಕೆಳಗೆ ಕುಂತ ಮೇಲೆ ಮೆಲ್ಲಗೆ ಕೊಡ ಬಗ್ಗಿಸಿ, ಮೇಲಿನ ತಿಳಿಯನ್ನಷ್ಟೇ ಹಂಡೆಗೆ ತುಂಬಬೇಕು. ಅದಕ್ಕೊಂದು ಕೈಯ ಹದ ಬೇಕು. ಆ ಹದ ಮೊಮ್ಮಕ್ಕಳಲ್ಲಿ ಇಮಾಮಬೀ ಒಬ್ಬಳಿಗೇ ಬಂದಿತ್ತು.

"ಮ್ಯಾಲಿಂದು ಮನುಷ್ಯಾರಿಗೆ, ತಳದಾಗಿಂದು ಗಿಡಕ್ಕ" ಎಂದು ಅಜ್ಜಿ ಹೇಳುತ್ತಿದ್ದಳು. ಅಷ್ಟನ್ನೇ ಕಲಿತು ಅವಳು ಕನಕಗಿರಿಗೆ ಸೊಸೆಯಾಗಿ ಬಂದಳು. ಸಾಲಿಯ ಕಟ್ಟೆ ಹತ್ತಿದ್ದು ಕಡಿಮೆ. ಕಲಿತದ್ದೆಲ್ಲ ಕೈಗೆ ಬಂದ ವಿದ್ಯೆ. ಈಗ ಮನೆಗೆ ನಲ್ಲಿ ಬಂದಿದೆ, ನೀರು ಕನ್ನಡಿಯ ಹಾಗೆ ಬರುತ್ತದೆ, ಆದರೂ ಅವಳು ಅದನ್ನು ಕುಂದ್ರಿಸದೆ ಕುಡಿಯಲು ಕೊಡುವುದಿಲ್ಲ. ಕಷಾಯ ಕುದಿಸಿದರೂ ಅಷ್ಟೇ, ಅಜವಾನದ ನೀರಾದರೂ ಅಷ್ಟೇ. ಗಸಿ ಗಿಡಕ್ಕೆ, ತಿಳಿ ಮನುಷ್ಯರಿಗೆ.

ಅವಳ ಗಂಡ ಹಾಜಿಸಾಬ ಅಡುಗೆಯವನು. ಹಜ್‌ಗೆ ಹೋಗಿ ಬಂದವನಲ್ಲ, ಅವ್ವ ಇಟ್ಟ ಹೆಸರೇ ಅದು. ಇರಕಲ್ಲಗಡದಿಂದ ಗಂಗಾವತಿಯವರೆಗೆ ಮುಸಲ್ಮಾನರ ಮನೆಗಳಲ್ಲಿ ಮದುವೆ ನಿಶ್ಚಯವಾದರೆ, ಕಾಜಿಗಿಂತ ಮೊದಲು ಇವನಿಗೆ ಹೇಳಿಕಳಿಸುತ್ತಿದ್ದರು ಎಂದು ಜನ ನಗೆಯಾಡುವುದುಂಟು. ಅವನ ಆಸ್ತಿಯೆಂದರೆ ತಾಮ್ರದ ದೇಗ. ಮದುವೆಯ ಬಿರಿಯಾನಿ ಅದರಲ್ಲೇ ಆಗಬೇಕು. ಒಳಗೆ ಒಬ್ಬ ಮನುಷ್ಯ ಕಾಲು ಮಡಚಿ ಕೂಡಬಹುದು, ಅಷ್ಟು ದೊಡ್ಡದು. ಅವನಪ್ಪನ ಕಾಲದ್ದು. ಮುಚ್ಚಳದ ಅಂಚಿಗೆ ಹಿಟ್ಟು ಮೆತ್ತಿ ದಮ್ ಕೊಟ್ಟ ಮೇಲೆ ಹಾಜಿಸಾಬ ದೇಗದ ಹತ್ತಿರ ಕಿವಿ ತಂದು, ಒಳಗಿನ ಸದ್ದು ಕೇಳಿ, ಬೆಂಕಿ ಎಳೆಯುವ ಹೊತ್ತು ಹೇಳುತ್ತಿದ್ದ. ಉಪ್ಪಿನ ವಿಷಯದಲ್ಲಂತೂ ಅವನು ಇನ್ನೊಬ್ಬರ ನಾಲಿಗೆಯನ್ನು ನಂಬಿದವನಲ್ಲ. ಅಕ್ಕಿ ಹಾಕುವ ಮೊದಲು ಕುದಿಯುವ ಎಸರನ್ನು ಸೌಟಿನ ತುದಿಯಿಂದ ತಾನೇ ನೋಡಬೇಕು.

ಆ ನಾಲಿಗೆ ಮನೆಯಲ್ಲೂ ಸುಮ್ಮನಿರುತ್ತಿರಲಿಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ಅವಳು ಮಾಡಿದ ಮೊದಲ ಸಾರನ್ನು ಬಾಯಿಗಿಟ್ಟು, "ಛಲೋ ಆಗೇತಿ, ಉಪ್ಪು ಒಂದು ಚಿಟಿಕಿ ಕಮ್ಮಿ" ಅಂದಿದ್ದ. ಅವತ್ತಿನಿಂದ ಅದೇ ಮಾತು. ಅವಳು ಸಿಟ್ಟಿಗೆದ್ದು ಒಮ್ಮೆ ಉಪ್ಪು ಹೆಚ್ಚೇ ಸುರಿದಿದ್ದಳು. ಅವತ್ತೂ ಉಂಡು ಕೈ ತೊಳೆಯುತ್ತ, "ಇವತ್ತ ನೀರು ಒಂದು ಲೋಟ ಕಮ್ಮಿ ಆಗೇತಿ" ಅಂದಿದ್ದ.

ಈಚಿನ ವರ್ಷಗಳಲ್ಲಿ ಇಮಾಮಬೀಗೆ ಆ ದೇಗವನ್ನು ಕಂಡರೆ ಆಗುತ್ತಿರಲಿಲ್ಲ. ಗಂಡನ ಮೊಣಕಾಲು ಸವೆದಿದ್ದವು, ಕಣ್ಣು ಹೊಗೆಗೆ ಕೆಂಪೇರಿ ಹಾಗೇ ಉಳಿದಿದ್ದವು. ಮದುವೆಯ ಸೀಸನ್ ಬಂತೆಂದರೆ ಅವನು ಹಸಿದ ಹೊಟ್ಟೆಯಲ್ಲಿ ಚಹಾದ ಮೇಲೆ ಚಹಾ ಕುಡಿಯುತ್ತ ಬೆಂಕಿಯ ಮುಂದೆ ನಿಲ್ಲುತ್ತಿದ್ದ. ಇನ್ನು ಸಾಕು ಅಂದರೆ, "ಈ ಸೀಸನ್ ಮುಗೀಲಿ" ಅನ್ನುತ್ತಿದ್ದ. ಸೀಸನ್ ಮುಗಿಯುತ್ತಿತ್ತು, ಮತ್ತೆ ಬರುತ್ತಿತ್ತು.

ಹೀಗಿರುವಾಗ ಇರಕಲ್ಲಗಡದ ಒಂದು ಮದುವೆಯಲ್ಲಿ ಅವನು ಒಲೆಯ ಮುಂದೆಯೇ ಎದೆ ಹಿಡಿದುಕೊಂಡು ಕುಕ್ಕರಿಸಿದ. ಜನ ಟಂಟಂ ಆಟೋದಲ್ಲಿ ಹಾಕಿಕೊಂಡು ಗಂಗಾವತಿಯ ದವಾಖಾನೆಗೆ ಒಯ್ದರು. ಡಾಕ್ಟರು ಎದೆಗೆ ವೈರು ಹಚ್ಚಿ ಪಟ್ಟಿ ತೆಗೆದು ನೋಡಿದರು.

"ಗುಂಡಿಗಿ ಗಟ್ಟಿ ಐತ್ರಿ ನಿಮ್ದು" ಅಂದರು. "ಹೊಟ್ಟಿಯೊಳಗಿನ ಹುಳಿ ಮ್ಯಾಲಕ್ಕ ಬರಾಕತ್ತೈತಿ. ಉಂಡಮ್ಯಾಲೆ ಎರಡೆರಡು ಚಮಚ ಈ ಔಷಧಿ ತಗೋರಿ. ಚಹಾ ಬಿಡ್ರಿ. ಇದರಾಗ ಕಮ್ಮಿ ಆಗಲಿಲ್ಲಂದ್ರ ಕೊಪ್ಪಳಕ್ಕ ಹೋಗಿ ಬಾಯಾಗ ಪೈಪ ಬಿಟ್ಟು ನೋಡಿಸ್ಬೇಕಾಗತೈತಿ."

"ಈ ಬಾಯಾಗ ಹೊಕ್ಕಿದ್ದು ಸೌಟು ಒಂದ ಸಾಹೇಬ್ರ" ಅಂದ ಹಾಜಿಸಾಬ. "ಪೈಪ ಬಿಡಾಕ ನಾ ಕೊಡಂಗಿಲ್ಲ."

ಔಷಧಿ ಹಾಲಿನಂತೆ ಬೆಳ್ಳಗಿತ್ತು, ಪುದೀನದ ವಾಸನೆ ಇತ್ತು. ಇಮಾಮಬೀ ಬಾಟಲಿಯನ್ನು ಗೋಡೆಯ ಗೂಡಿನಲ್ಲಿಟ್ಟಳು. ಮಾರನೆಯ ದಿನ ನೋಡುತ್ತಾಳೆ, ತಳದಲ್ಲಿ ಸುಣ್ಣದಂಥ ಗಸಿ ಕುಂತಿದೆ, ಮೇಲೆ ತಿಳಿ ನಿಂತಿದೆ. ಅವಳಿಗೆ ಅದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. ಎರಡು ಚಮಚ ಔಷಧಿಯನ್ನು ಲೋಟಕ್ಕೆ ಬಗ್ಗಿಸಿ, ನೀರು ಬೆರೆಸಿ, ತಟ್ಟೆ ಮುಚ್ಚಿದಳು. ಮಧ್ಯಾಹ್ನದ ಔಷಧಿಯನ್ನು ಬೆಳಗ್ಗೆಯೇ ಇಡುವಳು, ರಾತ್ರಿಯದನ್ನು ಮಧ್ಯಾಹ್ನ. ಉಂಡು ಎದ್ದ ಗಂಡನಿಗೆ ಮೇಲಿನ ತಿಳಿಯನ್ನು ಬೇರೆ ಲೋಟಕ್ಕೆ ಇಳಿಸಿ ಕೊಡುವಳು. ತಳದ ಬಿಳಿ ಗಸಿಯನ್ನು ಅಂಗಳದ ನಿಂಬೆ ಗಿಡಕ್ಕೆ ಚೆಲ್ಲುವಳು. ಅಷ್ಟು ಶ್ರದ್ಧೆಯಿಂದ ಯಾವ ಹೆಣ್ಣು ಗಂಡನಿಗೆ ಔಷಧಿ ಕೊಟ್ಟಾಳು?

ಉರಿ ಮಾತ್ರ ಕಮ್ಮಿಯಾಗಲಿಲ್ಲ. ಬಾಟಲಿ ಮುಗಿಯುತ್ತ ಬಂತು. ಹಾಜಿಸಾಬ ಅರ್ಧ ರೊಟ್ಟಿ ತಿಂದು ಎದ್ದುಬಿಡುವನು. ಮಲಗಿದರೆ ಹುಳಿ ತೇಗು ಗಂಟಲಿಗೆ ಬರುವುದು. ಒಂದು ಸಂಜೆ ಕಟ್ಟೆಯ ಮೇಲೆ ಕೂತು ಅಂದ:

"ಔಷಧಿ ನನಗ ಹತ್ತವಲ್ದು. ಇದು ಮ್ಯಾಲಿಂದ ಬಂದ ಹುಕುಂ. ಸೌಟು ಕೆಳಗ ಇಡು ಅನ್ನಾಕತ್ತೈತಿ. ಜಿಲಾನಿಗೆ ಫೋನ್ ಮಾಡೀನಿ. ಬರೋ ಸಂತಿ ದಿನ ಗಾಡಿ ತಂದು ದೇಗ ಒಯ್ಯತಾನ."

ಜಿಲಾನಿ ಅವನ ತಂಗಿಯ ಮಗ. ಗಂಗಾವತಿಯಲ್ಲಿ ಅಡುಗೆ ಹಿಡಿಯುತ್ತಿದ್ದ, ಬಹಳ ದಿನದಿಂದ ಆ ದೇಗದ ಮೇಲೆ ಕಣ್ಣಿತ್ತು. ಇಮಾಮಬೀ ಒಳಗೆ ಹೋಗಿ ಒಲೆ ಹಚ್ಚಿದಳು. ಇಷ್ಟು ವರ್ಷ ಬೇಡಿದ್ದು ಬಾಗಿಲಿಗೆ ಬಂದು ನಿಂತಿತ್ತು.

ಸಂತೆಗೆ ಇನ್ನೂ ಕೆಲವು ದಿನ ಇರುವಾಗ ಔಷಧಿ ಪೂರಾ ಮುಗಿಯಿತು. ಅವಳು ಬಸ್ ನಿಲ್ದಾಣದ ಹತ್ತಿರ ಹನಮೇಶನ ಔಷಧಿ ಅಂಗಡಿಗೆ ಹೋದಳು. ಖಾಲಿ ಬಾಟಲಿ ತೋರಿಸಿದಾಗ ಅವನು ಅಂಥದ್ದೇ ಒಂದನ್ನು ತೆಗೆದಿಟ್ಟ. ಅವಳು ಅದನ್ನು ಬೆಳಕಿಗೆ ಹಿಡಿದು ನೋಡಿ ವಾಪಸು ಸರಿಸಿದಳು.

"ಇದು ಹಳೇ ಮಾಲು, ಹನಮೇಶಪ್ಪ. ತಳದಾಗ ನೋಡು ಎಷ್ಟು ಗಸಿ ಕುಂತೈತಿ. ತಾಜಾದ್ದು ಕೊಡು."

ಅವನು ಇನ್ನೊಂದು ಕೊಟ್ಟ. ಅದನ್ನೂ ಸರಿಸಿದಳು. ಮೂರನೆಯದನ್ನೂ ಬದನೆಕಾಯಿಯಂತೆ ತಿರುಗಿಸಿ ತಿರುಗಿಸಿ ನೋಡುತ್ತಿದ್ದಾಗ ಹನಮೇಶ ನಕ್ಕ.

"ಅಮ್ಮಾ, ಇದೇನು ಸಂತಿ ಕಾಯಿಪಲ್ಯ ಅಲ್ರಿ. ಎಲ್ಲಾದ್ರಾಗೂ ಗಸಿ ಇರತೈತಿ. ಹಿಂಗ ಮಾಡಿದ್ರ ಆತು" ಎಂದು ಅವಳ ಕೈಯಿಂದ ಬಾಟಲಿ ತೆಗೆದುಕೊಂಡು ಜೋರಾಗಿ ಅಲ್ಲಾಡಿಸತೊಡಗಿದ.

ಇಮಾಮಬೀ ಗಾಬರಿಯಿಂದ ಅವನ ಮಣಿಕಟ್ಟು ಹಿಡಿದಳು. "ಅಲ್ಲಾಡಿಸಬ್ಯಾಡೋ ತಮ್ಮಾ. ಮತ್ತ ಅದು ಕುಂದ್ರಾಕ ಸಂಜಿ ಆಗತೈತಿ."

"ಕುಂದ್ರೋದು ಯಾಕ್ರಿ?"

ಅವಳು ತಾನು ಮಾಡುತ್ತಿದ್ದುದನ್ನು ಹೇಳಿದಳು. ಲೋಟ, ನೀರು, ಮುಚ್ಚಿದ ತಟ್ಟೆ, ತಿಳಿ, ನಿಂಬೆ ಗಿಡ. ಹೇಳುತ್ತ ಹೇಳುತ್ತ ಅವನ ಮುಖದ ನಗು ಇಳಿದುಹೋದದ್ದು ಅವಳಿಗೆ ಕಂಡಿತು.

"ಅಮ್ಮಾ" ಅಂದ ಹನಮೇಶ, ದನಿ ತಗ್ಗಿಸಿ. "ಈ ಔಷಧಿ ಉಪ್ಪಿನಂಗ ನೀರಾಗ ಕರಗಂಗಿಲ್ಲ. ಆ ಗಸೀನ ಔಷಧಿ. ಹೊಟ್ಟಿ ಹುಳಿ ಮುರಿಯೋದು ಅದು. ನೀರು ಬರೇ ಗಾಡಿ ಇದ್ದಂಗ್ರಿ, ಔಷಧಿ ಅದರಾಗ ಕುಂತು ಬರತೈತಿ. ನೀವು ಖಾಲಿ ಗಾಡಿ ಸಾಹೇಬ್ರ ಹೊಟ್ಟಿಗೆ ಕಳಿಸಿ, ಪ್ಯಾಸೆಂಜರನ್ನ ಗಿಡದ ಬುಡಕ್ಕ ಇಳಿಸೀರಿ."

"ನನಗ ಯಾರೂ ಹೇಳಲಿಲ್ಲಲ್ಲೋ."

"ಬಾಟಲಿ ಮ್ಯಾಲೆ ಅಚ್ಚು ಹಾಕ್ಯಾರ್ರಿ."

"ಅದು ಓದಾಕ ಬರೋರಿಗೆ ಹೇಳಿದ್ದು. ನನಗ ಹೇಳಿದ್ದಲ್ಲ."

ಹನಮೇಶ ಬಾಟಲಿಯನ್ನು ಕಾಗದದಲ್ಲಿ ಸುತ್ತಿ ಕೊಟ್ಟು, "ಚಲೋತ್ನಂಗ ಅಲ್ಲಾಡಿಸಿ, ಕುಂದ್ರೋದ್ರಾಗ ಕುಡಿಸ್ರಿ. ಆದ್ರೂ ಉರಿ ಹೋಗಲಿಲ್ಲಂದ್ರ ಡಾಕ್ಟರ ಕಡೆ ಹೋಗೋದು ಬಿಡಬ್ಯಾಡ್ರಿ" ಅಂದ.

ಮನೆಗೆ ಬಂದವಳು ಮೊದಲು ನಿಂಬೆ ಗಿಡದ ಹತ್ತಿರ ಹೋದಳು. ಬುಡದ ಸುತ್ತ ಮಣ್ಣು ಸುಣ್ಣ ಬಳಿದಂತೆ ಬೆಳ್ಳಗಾಗಿತ್ತು. ದಿನವೂ ಕಂಡದ್ದೇ, ಇವತ್ತು ಕಣ್ಣಿಗೆ ಚುಚ್ಚಿತು. ಗಂಡನ ಪಾಲಿನ ನಿದ್ದೆ, ಗಂಡನ ಪಾಲಿನ ಊಟ ಎಲ್ಲ ಅಲ್ಲಿ ಒಣಗಿ ಬಿದ್ದಿತ್ತು. ಅವಳು ಕಾಲಿನಿಂದ ಸ್ವಲ್ಪ ಕೆಂಪು ಮಣ್ಣು ಎಳೆದು ಮುಚ್ಚಿದಳು.

ಅವಳಿಗೆ ತನ್ನ ಮನಸ್ಸು ಎಂಥದೆಂದು ಆಗ ಗೊತ್ತಾಯಿತು. ಹಾಜಿಸಾಬ ದೇಗವನ್ನು ಅಂಗಳಕ್ಕೆ ಉರುಳಿಸಿ ತಂದು, ಹುಣಸೆಹಣ್ಣು ಬೂದಿ ಹಾಕಿ ತಿಕ್ಕುತ್ತಿದ್ದ. ಇನ್ನೊಬ್ಬರ ಮನೆಗೆ ಹೋಗುವ ವಸ್ತು, ಹೊಲಸಾಗಿ ಹೋಗಬಾರದು ಎಂದು. ತಿಕ್ಕುತ್ತ ನಡುನಡುವೆ ಎದೆ ಒತ್ತಿಕೊಳ್ಳುತ್ತಿದ್ದ. ಸಂತೆಯ ದಿನ ಜಿಲಾನಿ ಬಂದು ದೇಗ ಒಯ್ದುಬಿಟ್ಟರೆ ಮುಗಿಯಿತು, ಗಂಡ ಮನೆಯಲ್ಲಿ ಉಳಿಯುತ್ತಾನೆ. ಆಮೇಲೆ ಅಲ್ಲಾಡಿಸಿ ಕೊಟ್ಟರಾಯಿತು. ಇಷ್ಟು ದಿನ ಸಹಿಸಿದವನು ಇನ್ನೊಂದಿಷ್ಟು ಸಹಿಸಲಾರನೇ? ಇಷ್ಟು ದಿನ ತಿಳಿಯದೆ ಮಾಡಿದ್ದಳು. ಅವತ್ತು ರಾತ್ರಿ ತಿಳಿದೂ ತಿಳಿದೂ ಲೋಟ ಮುಚ್ಚಿಟ್ಟು, ಮೇಲಿನ ತಿಳಿಯನ್ನೇ ಕೊಟ್ಟಳು.

ಅವನು ಕುಡಿದು ಲೋಟ ಕೆಳಗಿಟ್ಟ. "ಹೊಟ್ಟಿಗೆ ಹತ್ತತೈತೋ ಬಿಡತೈತೋ, ನಿನ್ನ ಕೈಯಾಗಿಂದ ಕುಡದ್ರ ಒಂದು ಸಮಾಧಾನ" ಅಂದ.

ಇಮಾಮಬೀ ಲೋಟ ತೊಳೆಯಲು ಹೊರಗೆ ಹೋದಳು. ತಳದ ಗಸಿಯನ್ನು ಚೆಲ್ಲಲು ಕೈ ಬರಲಿಲ್ಲ. ಹಾಗೆಂದು ಒಳಗೆ ತರಲೂ ಆಗಲಿಲ್ಲ. ಕಟ್ಟೆಯ ಮೂಲೆಯಲ್ಲಿಟ್ಟು ಬಂದಳು. ಬೆಳಗ್ಗೆ ಅದಕ್ಕೆ ಇರುವೆ ಕೂಡ ಮುತ್ತಿರಲಿಲ್ಲ.

ಮಾರನೆಯ ದಿನವೂ ಅದೇ ನಡೆಯಿತು. ಮಾಡುವ ಕೆಲಸ ಅದೇ ಇತ್ತು, ಮಾಡುವ ಕೈ ಮಾತ್ರ ಅವಳದೆಂದು ಅನ್ನಿಸುತ್ತಿರಲಿಲ್ಲ. ಅವಳು ಗಂಡನನ್ನು ಗಮನಿಸತೊಡಗಿದಳು. ಅವನು ಮನೆಯಲ್ಲೇ ಇದ್ದ, ಅವಳು ಬೇಡಿದ ಹಾಗೆಯೇ. ಆದರೆ ಅಡುಗೆಮನೆಯ ಕಡೆ ತಲೆ ಹಾಕುತ್ತಿರಲಿಲ್ಲ. ಒಗ್ಗರಣೆಯ ವಾಸನೆಗೆ ಕತ್ತೆತ್ತುತ್ತಿರಲಿಲ್ಲ. ಪಕ್ಕದ ಮನೆಯ ಸಣ್ಣವ್ವ ಜೋಳದ ಹಿಟ್ಟು ಕಡ ಕೇಳಲು ಬಂದವಳು, "ಏನ್ ಹಾಜಣ್ಣ, ನಿನ್ನ ಬಾಯಿಗೆ ಯಾರು ಹಿಟ್ಟು ಮೆತ್ತಿ ದಮ್ ಕೊಟ್ಟಾರ?" ಎಂದು ಛೇಡಿಸಿದರೂ ಸುಮ್ಮನೆ ತಲೆಯಾಡಿಸಿದ. ಬೇರೆ ದಿನವಾದರೆ ಸಣ್ಣವ್ವ ಒಂದು ಅಂದರೆ ಇವನು ನಾಲ್ಕು ಅನ್ನುತ್ತಿದ್ದ.

ಇಮಾಮಬೀ ಬೆರಳು ಮಡಚಿ ನೆನಪು ಮಾಡಿಕೊಂಡಳು. ಉಪ್ಪು ಕಮ್ಮಿ ಎಂದು ಅವನು ಕೊನೆಯ ಸಲ ಹೇಳಿದ್ದು ಯಾವತ್ತು? ನೆನಪಿಗೆ ಬರಲಿಲ್ಲ. ಅಜ್ಜಿಯ ಕೊಡದ ಕಂಠ ಎಲ್ಲಿ ಸೀಳಿತ್ತು ಎಂಬುದು ನೆನಪಿರುವ ಅವಳಿಗೆ ಅದು ನೆನಪಿಗೆ ಬರಲಿಲ್ಲ.

ಸಂತೆಯ ಹಿಂದಿನ ದಿನ ಅವಳು ಬೇಳೆಯ ಸಾರು ಮಾಡಿದಳು, ಉಪ್ಪು ಹಾಕಲಿಲ್ಲ. ಬೇಕೆಂದೇ ಹಾಕಲಿಲ್ಲ. ಅನ್ನಕ್ಕೆ ಸಾರು ಬಡಿಸಿ ಎದುರಿಗೆ ಕೂತಳು. ಹಾಜಿಸಾಬ ಮೊದಲ ತುತ್ತು ಬಾಯಿಗಿಟ್ಟ. ಅಗಿದ, ನುಂಗಿದ. ಎರಡನೆಯ ತುತ್ತಿಗೆ ಕೈ ಹಾಕಿದ. ಅವಳು ಅವನ ಬಾಯಿಯನ್ನೇ ನೋಡುತ್ತಿದ್ದಳು. ಅವನು ಒಂದು ಮಾತೂ ಆಡದೆ ತಟ್ಟೆಯಲ್ಲಿದ್ದಷ್ಟನ್ನು ಮುಗಿಸಿ, ಕೈ ತೊಳೆದು, ಗೋಡೆಗೆ ಒರಗಿ ಕಣ್ಣು ಮುಚ್ಚಿದ.

ಅವಳಿಗೆ ಅಂಜಿಕೆಯಾಯಿತು. ಒಲೆಯ ಮುಂದೆ ಕುಸಿದನೆಂದು ಸುದ್ದಿ ಬಂದಾಗಲೂ ಅಷ್ಟು ಅಂಜಿರಲಿಲ್ಲ. ತಾನು ಮನೆಯಲ್ಲಿರಲಿ ಎಂದು ಬೇಡಿದ ಮನುಷ್ಯ ಇವನಲ್ಲ. ಆ ಮನುಷ್ಯ ಮೊದಲ ತುತ್ತಿಗೇ ಇಡೀ ಓಣಿಗೆ ಕೇಳುವಂತೆ ಅವಳ ಸಾರಿನ ಮಾನ ಕಳೆಯುತ್ತಿದ್ದ.

ಎದ್ದು ಗೂಡಿನ ಹತ್ತಿರ ಹೋದಳು. ಮುಚ್ಚಿಟ್ಟಿದ್ದ ಲೋಟವನ್ನು ಪಕ್ಕಕ್ಕಿಟ್ಟು ಬಾಟಲಿಯನ್ನು ಕೈಗೆ ತೆಗೆದುಕೊಂಡಳು. ತಳದಲ್ಲಿ ಬಿಳಿ ದಪ್ಪಗೆ ಕುಂತಿತ್ತು. ಕುಂತದ್ದನ್ನು ಕದಡುವುದು ಅವಳ ಕೈಗೆ ಗೊತ್ತಿಲ್ಲದ ಕೆಲಸ. ಮೊದಲು ಮೆಲ್ಲಗೆ ಓಲಾಡಿಸಿದಳು. ಗಸಿ ಅಲುಗಲಿಲ್ಲ. ಆಮೇಲೆ ತುಟಿ ಕಚ್ಚಿ, ಬಳೆಗಳು ಗಲಗಲ ಅನ್ನುವಂತೆ ಅಲ್ಲಾಡಿಸಿದಳು. ಎಲ್ಲ ಒಂದಾಗಿ ಬಾಟಲಿ ಹಾಲಿನಂತಾಯಿತು. ಎರಡು ಚಮಚ ಬೇರೆ ಲೋಟಕ್ಕೆ ಹೊಯ್ದು ಗಂಡನ ತುಟಿಗೆ ಹಿಡಿದಳು.

ಅವನು ಕಣ್ಣು ತೆರೆದ. "ಇದೇನಿದು? ಗಟ್ಟಿ ಐತಲ್ಲ. ಗ್ವಾಡಿಗೆ ಬಳಿಯೋ ಸುಣ್ಣ ತಂದೀಯೇನು?"

"ಕುಡೀರಿ ಸುಮ್ನ."

ಕುಡಿದ. ಮುಖ ಹಿಂಡಿದ. ಅವಳು ಎದುರಿಗೇ ಕೂತಳು. ಹೊರಗೆ ಯಾರದೋ ಟಗರು ಕೂಗಿತು, ನಿಂತಿತು. ಸ್ವಲ್ಪ ಹೊತ್ತಿಗೆ ಅವನೊಂದು ಉದ್ದನೆಯ ತೇಗು ತೇಗಿದ. ಎದೆಯ ಮೇಲಿದ್ದ ಕೈ ತಾನಾಗಿ ಜಾರಿ ತೊಡೆಯ ಮೇಲೆ ಬಿತ್ತು. ಹುಬ್ಬಿನ ನಡುವಿನ ಗಂಟು ಸಡಿಲಾಯಿತು. ಇನ್ನೂ ಸ್ವಲ್ಪ ಹೊತ್ತಿಗೆ, ಕಣ್ಣು ತೆರೆಯದೆಯೇ ಮಾತಾಡಿದ:

"ಇವತ್ತ ಸಾರಿಗೆ ಉಪ್ಪ ಹಾಕಿಲ್ಲ ನೀನು."

ಇಮಾಮಬೀ ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ಗೊತ್ತಿತ್ತೇನು ನಿಮಗ?"

"ನಾಲಿಗಿ ಸತ್ತಿಲ್ಲ ನಂದು. ಹೇಳಾಕ ಎದಿ ಬಿಡಬೇಕಲ್ಲ. ಉರಿ ಇದ್ದಾಗ ಬಾಯಿ ತೆಗಿಯೋದ ಬ್ಯಾಡ ಅನಸತೈತಿ." ಅವನು ಕಣ್ಣು ಬಿಟ್ಟ. "ಇವತ್ತಿನ ಔಷಧಿ ಬ್ಯಾರೆ ಏನು?"

"ಔಷಧಿ ಅದ. ಇಷ್ಟು ದಿನ ಗಸಿ ಕುಂದ್ರಿಸಿ, ತಿಳಿ ತೆಗದು ಕೊಟ್ಟೆ. ಗಸಿ ನಿಂಬಿ ಗಿಡಕ್ಕ ಹಾಕಿದೆ. ಹನಮೇಶ ಹೇಳಿದ, ಗಸೀನ ಔಷಧಿ ಅಂತ." ಮುಂದಿನದನ್ನು ಹೇಳದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. "ಅವ ಹೇಳಿ ಎರಡು ದಿನ ಆತು. ಆದ್ರೂ ತಿಳೀನ ಕೊಟ್ಟೆ. ದೇಗ ಹೋಗಲಿ, ಆಮ್ಯಾಲೆ ಸರಿ ಮಾಡಿ ಕೊಡೋಣ ಅಂತ."

ಹಾಜಿಸಾಬ ಅವಳನ್ನು ನೋಡಿದ. ಆಮೇಲೆ ಬಾಗಿಲಾಚೆ ನೋಡಿದ. ಅಂಗಳದಲ್ಲಿ ತಿಕ್ಕಿದ ದೇಗ ಬಿಸಿಲಿಗೆ ಹೊಳೆಯುತ್ತಿತ್ತು, ಅದರ ಪಕ್ಕದಲ್ಲಿ ನಿಂಬೆ ಗಿಡ ನಿಂತಿತ್ತು.

"ಹಂಗಾದ್ರ" ಅಂದ, "ಆ ಗಿಡಕ್ಕ ಎದಿ ಉರಿ ಪೂರಾ ಹೋಗಿರಬೇಕು."

ಅವಳಿಗೆ ನಗುವುದೋ ಅಳುವುದೋ ತಿಳಿಯಲಿಲ್ಲ. ಅವನೂ ನಗಲಿಲ್ಲ. "ನೀ ಬಾಯಿಬಿಟ್ಟು ಹೇಳಿದ್ರ ಆಗತಿತ್ತು, ದೇಗ ಬ್ಯಾಡ ಅಂತ" ಅಂದ.

"ಎಷ್ಟು ಸಲ ಹೇಳೀನಿ. ಸೀಸನ್ ಮುಗೀಲಿ ಅಂತಿದ್ರಿ."

ಅವನು ಲೋಟ ತೆಗೆದುಕೊಂಡು ಅಂಗಳಕ್ಕೆ ಹೋಗಿ, ದೇಗದ ಅಂಚನ್ನು ಅಂಗೈಯಿಂದ ಒಂದು ಸುತ್ತು ಸವರಿ ಬಂದ.

ಸಂತೆಯ ದಿನ ಜಿಲಾನಿ ಟಾಟಾ ಏಸ್ ತಂದ. ದೇಗದ ಹೊಟ್ಟೆ ತಟ್ಟಿ ಸದ್ದು ಕೇಳಿ ಹಿಗ್ಗಿದ. "ಮಾಮು, ಇದನ್ನ ಜೀವದಂಗ ನೋಡ್ಕೋತೀನಿ" ಅಂದ.

"ನೋಡ್ಕೊಳಾಕ ಅಲ್ಲ, ಗಂಗಾವತಿಗೆ ಒಯ್ದು ಒಳಗ ಕಲಾಯಿ ಮಾಡಿಸ್ಕೊಂಡು ಬಾ" ಅಂದ ಹಾಜಿಸಾಬ. "ಮುಂದಿನ ಮದುವಿ ಇರಕಲ್ಲಗಡದಾಗ ಐತಿ. ಹೋದ ಸಲ ಅರ್ಧಕ್ಕ ಬಿಟ್ಟು ಬಂದೀನಿ, ಆ ಊರಿನ ಋಣ ಐತಿ. ಎತ್ತೋದು, ಕದಡೋದು, ಬೆಂಕಿ ಮುಂದ ನಿಂದ್ರೋದು ನಿಂದು. ಉಪ್ಪು, ದಮ್ ನಂದು. ನಿನ್ನ ಕೈಗೆ ಹದ ಬಂದ ದಿನ ದೇಗ ನಿಂದ."

ಜಿಲಾನಿಯ ಮುಖ ಚಿಕ್ಕದಾಯಿತು. "ಮುಮಾನಿ, ನೀವರ ಹೇಳ್ರಿ" ಎಂದು ಇಮಾಮಬೀಯ ಕಡೆ ತಿರುಗಿದ.

"ನಾ ಹೇಳೋದು ನಿನಗಲ್ಲ, ನಿಮ್ಮ ಮಾಮುಗೆ" ಅಂದಳು ಅವಳು. "ಹೋಗೋದಾದ್ರ ನಾನೂ ಬರತೀನಿ. ಬಾಟಲಿ ನನ್ನ ಕೈಯಾಗ ಇರತೈತಿ. ಉಣ್ಣದ ಒಲಿ ಮುಂದ ಹೋಗಂಗಿಲ್ಲ, ಚಹಾ ಮುಟ್ಟಂಗಿಲ್ಲ. ಈ ಬಾಟಲಿ ಮುಗಿಯೋದ್ರಾಗ ಉರಿ ಪೂರಾ ಹೋಗಲಿಲ್ಲಂದ್ರ ಕೊಪ್ಪಳಕ್ಕ ಹೋಗಿ ಪೈಪ ನುಂಗಬೇಕು. ಕಬೂಲ ಏನ್ರಿ?"

ನಿಕಾಹದ ದಿನ ಕಾಜಿ ಕೇಳುವ ಹಾಗೆ ಕೇಳಿದಳು. ಹಾಜಿಸಾಬ ಜಿಲಾನಿಯ ಮುಖ ನೋಡಿದ, ದೇಗ ನೋಡಿದ. "ಕಬೂಲ" ಅಂದ, ಪೈಪನ್ನು ಆಗಲೇ ನುಂಗಿದವನ ದನಿಯಲ್ಲಿ.

ಇರಕಲ್ಲಗಡದ ಮದುವೆಯಲ್ಲಿ ಹಾಜಿಸಾಬನಿಗೆ ಒಲೆಯಿಂದ ದೂರ ಒಂದು ಕುರ್ಚಿ ಹಾಕಿದ್ದರು. ಇಮಾಮಬೀ ಪಕ್ಕದಲ್ಲಿ ಅಕ್ಕಿ ಚೀಲದ ಮೇಲೆ ಕೂತಿದ್ದಳು, ಮಡಿಲಲ್ಲಿ ಬಾಟಲಿ. ಅವನಿಗೆ ರೊಟ್ಟಿ ತಿನ್ನಿಸಿ, ಬಾಟಲಿ ಅಲ್ಲಾಡಿಸಿ, ಎರಡು ಚಮಚ ಕುಡಿಸಿದಳು. ಅಷ್ಟರಲ್ಲಿ ಜಿಲಾನಿ, "ಮಾಮು, ಎಸರು ಕುದಿಯಾಕತ್ತೈತಿ, ಉಪ್ಪು ನೋಡ್ರಿ" ಎಂದು ಕೂಗಿದ.

ಹಾಜಿಸಾಬ ಎದ್ದು ಹೋಗಿ ಸೌಟಿನ ತುದಿಯನ್ನು ನಾಲಿಗೆಗೆ ಮುಟ್ಟಿಸಿದ. ಮತ್ತೊಮ್ಮೆ ಮುಟ್ಟಿಸಿದ. ಮೀಸೆಗೆ ಔಷಧಿಯ ಬಿಳಿ ಇನ್ನೂ ಅಂಟಿತ್ತು. ನಾಲಿಗೆಯ ಮೇಲೆ ಸುಣ್ಣ ಮತ್ತು ಪುದೀನ ಬಿಟ್ಟರೆ ಏನೂ ಇರಲಿಲ್ಲ. ಅವನು ಸುತ್ತ ನೋಡಿದ. ಜಿಲಾನಿ ಅಕ್ಕಿಯ ಬುಟ್ಟಿ ಎತ್ತಿ ಹಿಡಿದು ಕಾಯುತ್ತಿದ್ದ.

ಹಾಜಿಸಾಬ ಸೌಟನ್ನು ಹಿಡಿದುಕೊಂಡು, ಚೆಲ್ಲದಂತೆ, ಅಕ್ಕಿ ಚೀಲದವರೆಗೆ ನಡೆದುಬಂದ. ಊದಿ ಆರಿಸಿ ಅವಳ ಮುಂದೆ ಹಿಡಿದ.

"ನೋಡು" ಅಂದ.

ಇಮಾಮಬೀ ಸೌಟಿಗೆ ತುಟಿ ಹಚ್ಚಿದಳು. ಅವಸರ ಮಾಡಲಿಲ್ಲ. ನಾಲಿಗೆಯ ಮೇಲೆ ಅದನ್ನು ನಿಲ್ಲಿಸಿಕೊಂಡಳು, ನುಂಗಿದಳು.

"ಛಲೋ ಆಗೇತಿ" ಅಂದಳು. "ಉಪ್ಪು ಒಂದು ಚಿಟಿಕಿ ಕಮ್ಮಿ."

"ದೇಗಕ್ಕ ಚಿಟಿಕಿ ಲೆಕ್ಕ ಇಲ್ಲ, ಹಿಡಿ ಲೆಕ್ಕ" ಎಂದು ಹಾಜಿಸಾಬ ಗೊಣಗಿದ. ಗೊಣಗುತ್ತಲೇ ಹೋಗಿ, ಉಪ್ಪಿನ ಡಬ್ಬಿಗೆ ಕೈ ಹಾಕಿ, ಒಂದು ಹಿಡಿ ತುಂಬಿ ಎಸರಿಗೆ ಬಿಟ್ಟ. "ಹಾಕು ಅಕ್ಕಿ" ಅಂದ ಜಿಲಾನಿಗೆ.